ಒಲೆಗೆ ರಜೆ

ಆ ಮನೆಯಲ್ಲಿ ಅಡುಗೆಗೆ ಸಿಗುತ್ತಿದ್ದ ಅತಿ ದೊಡ್ಡ ಬಿರುದು ‘ಪರವಾಗಿಲ್ಲ’. ಕೊಡುತ್ತಿದ್ದವರು ತಾತ, ಪಡೆಯುತ್ತಿದ್ದವಳು ಅಜ್ಜಿ. ತಾತ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಒಂದು ಕಾಲದಲ್ಲಿ ಊರಿನ ಅಂಗಡಿಯವರನ್ನೆಲ್ಲ ಗಡಗಡ ನಡುಗಿಸಿದವರು. ಮೊಮ್ಮಗಳು ಅವರಿಗೆ ‘ತಕ್ಕಡಿ ತಾತ’ ಎಂದು ಹೆಸರಿಟ್ಟಿದ್ದಳು. ತಕ್ಕಡಿಗಾದರೆ ಎರಡು ತಟ್ಟೆ. ತಾತನಿಗೆ ಒಂದೇ ತಟ್ಟೆ, ಅದೂ ಊಟದ್ದು. ಅದರ ಅಂಚಿಗೆ ಅವರು ಚಮಚದಿಂದ ಟಣ್ ಟಣ್ ಎಂದು ಎರಡು ಸಲ ಬಡಿದರೆ ‘ಇನ್ನಷ್ಟು ಹಾಕು’ ಎಂದರ್ಥ. ನಲವತ್ತೊಂದು ವರ್ಷದಿಂದ ಅಜ್ಜಿ ಆ ಟಣ್ ಟಣ್ಣಿಗೆ ಏಳುತ್ತಿದ್ದಳು. ಮಂಡಿಗೂ ಆ ಸದ್ದಿಗೂ ನಡುವೆ ಒಂದು ತಂತಿ ಎಳೆದಿದ್ದಾರೇನೋ ಅನ್ನಬೇಕು.

ಆ ಭಾನುವಾರ ಅನ್ನ, ಬೇಳೆ, ಹುರಿದ ಬೆಂಡೆಕಾಯಿ. ಅಜ್ಜಿ ಎಲ್ಲರಿಗೂ ಬಡಿಸಿ, ಅಡುಗೆಮನೆ ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕೂತು ಮೊದಲ ತುತ್ತು ಕಲಸಿದಳು. ಟಣ್ ಟಣ್. ಎದ್ದು ಅನ್ನ ಹಾಕಿ ಬಂದಳು. ಟಣ್ ಟಣ್. ಬೇಳೆ. “ಅಮ್ಮ, ಎದ್ದಿದ್ದೀಯಲ್ಲ, ಹಾಗೇ ಉಪ್ಪು,” ಎಂದ ಮಗ. ಸೊಸೆ ಏಳಲು ಹೋದರೆ “ನೀನು ಕೂತ್ಕೋ, ವಾರವಿಡೀ ನಿಂತಿರ್ತೀಯ,” ಎಂದು ಅಜ್ಜಿ ತಾನೇ ಹೋದಳು. ಮತ್ತೆ ಬಂದು ಕೂರುವಷ್ಟರಲ್ಲಿ ಅವಳ ಅನ್ನ ತಣ್ಣಗೆ ಗಟ್ಟಿಯಾಗಿ, ಬೇಳೆ ಕೆನೆಗಟ್ಟಿತ್ತು.

“ಬೆಂಡೆಕಾಯಿ ಹೇಗಿದೆ?” ಎಂದು ಕೇಳಿದಳು.

“ಪರವಾಗಿಲ್ಲ,” ಎಂದರು ತಾತ, ಐದೂ ಬೆರಳು ನೆಕ್ಕಿ ಮುಗಿಸಿ.

ಅಜ್ಜಿ ಆ ಬೆರಳುಗಳನ್ನು ನೋಡಿದಳು. ತನ್ನ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

“ಮುಂದಿನ ಭಾನುವಾರದಿಂದ ನಾನು ಒಲೆ ಹಚ್ಚಲ್ಲ.”

ಉಣ್ಣುತ್ತಿದ್ದ ಕೈಗಳೆಲ್ಲ ನಿಂತವು. ಮಗ ಲಿಫ್ಟ್ ರಿಪೇರಿ ಮಾಡುವವನು. ಏನು ನಿಂತರೂ ಮೊದಲು ಕರೆಂಟ್ ಇದೆಯಾ ಎಂದು ನೋಡುವುದು ಅವನ ಸ್ವಭಾವ. “ಯಾಕಮ್ಮ, ಗ್ಯಾಸ್ ಮುಗೀತಾ?”

“ಗ್ಯಾಸ್ ಇದೆ ಕಣೋ. ನನಗೆ ಸಾಕಾಗಿದೆ.”

“ಭಾನುವಾರ ಒಂದೇ ನಾವೆಲ್ಲ ಒಟ್ಟಿಗೆ ಮನೇಲಿರ್ತೀವಿ. ಮಿಕ್ಕ ದಿನ ಎಲ್ರೂ ಬಿಜಿ.”

“ನೀವು ಬಿಜಿ ಕಣಪ್ಪ. ನಾನು ನಲವತ್ತೊಂದು ವರ್ಷದಿಂದ ಬಿಸಿ ಕಂಡಿಲ್ಲ.”

ಮೊಮ್ಮಗಳು ಫಕ್ಕನೆ ನಕ್ಕಳು. ಅವಳು ಕಾಲೇಜಿನಲ್ಲಿ ಓದುತ್ತಿದ್ದಳು. ಯಾರ ದನಿಯನ್ನಾದರೂ ಅರ್ಧ ನಿಮಿಷ ಕೇಳಿದರೆ ಸಾಕು, ಹಾಗೇ ಒಪ್ಪಿಸುತ್ತಿದ್ದಳು. ಅದಕ್ಕೇ ಮನೆಯಲ್ಲಿ ಅವಳು ‘ಗಿಳಿ’.

“ಹೊರಗೆ ತಿನ್ನೋದಾ?” ತಾತ ಕನ್ನಡಕ ತೆಗೆದರು. “ಈ ಊರಲ್ಲಿ? ಸೊಪ್ಪು ತರಕಾರಿ ತಿನ್ನೋ ನಮಗೆ? ಒಂದು ಒಳ್ಳೆ ಹೋಟೆಲ್ ತೋರಿಸು ನೋಡೋಣ.”

“ಹುಡುಕಿದ್ರೆ ಸಿಗುತ್ತೆ ಮಾವ. ಇಷ್ಟು ದೊಡ್ಡ ಊರು,” ಎಂದಳು ಸೊಸೆ.

“ಸಿಗಲ್ಲ.”

“ಸಿಗುತ್ತೆ,” ಎಂದಳು ಅಜ್ಜಿ.

“ಹಾಗಾದ್ರೆ ಕರಾರು ಆಗಲಿ. ಗಿಳಿ, ಬರ್ಕೋ.”

ಕರಾರು ಎಂದರೆ ತಾತನಿಗೆ ಹಬ್ಬದೂಟ. ಗಿಳಿ ಹಳೆಯ ಕ್ಯಾಲೆಂಡರ್ ಹಾಳೆ ಹರಿದು ತಂದಳು. ತಾತ ಕೈ ಹಿಂದೆ ಕಟ್ಟಿ, ಮೇಜಿನ ಸುತ್ತ ನಡೆಯುತ್ತ, ಇಲಾಖೆಯ ದನಿಯಲ್ಲಿ ಹೇಳಿ ಬರೆಸಿದರು: ‘ಇನ್ನು ಆರು ಭಾನುವಾರಗಳ ಒಳಗಾಗಿ, ಈ ಊರಿನ ಯಾವುದಾದರೂ ಸಸ್ಯಾಹಾರಿ ಹೋಟೆಲಿನಲ್ಲಿ ಊಟ ಮಾಡಿ, “ಚೆನ್ನಾಗಿದೆ” ಎಂದು ಬಾಯಿಬಿಟ್ಟು ಹೇಳಿದಲ್ಲಿ, ಪ್ರತಿ ಭಾನುವಾರ ಒಲೆಗೆ ರಜೆ. ಹೇಳದಿದ್ದಲ್ಲಿ, ಎಂದಿನಂತೆ.’

“‘ಪರವಾಗಿಲ್ಲ’ ಅಂದ್ರೆ ಲೆಕ್ಕಕ್ಕಿಲ್ವಾ ತಾತ?”

“ಇಲ್ಲ. ‘ಚೆನ್ನಾಗಿದೆ’. ಅಷ್ಟೇ ಪದ.”

ಆ ಪದ ತಾತನ ಬಾಯಿಂದ ಬಂದದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ತಮ್ಮ ಮದುವೆಯ ಫೋಟೋ ನೋಡಿಯೂ ಅವರು ‘ಪರವಾಗಿಲ್ಲ’ ಎಂದಿದ್ದರಂತೆ. ಕೆಳಗೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿದರು. ನಿವೃತ್ತಿಯ ದಿನ ಸಹೋದ್ಯೋಗಿಗಳು ತಾತನಿಗೆ ತಮಾಷೆಗೆಂದು ಒಂದು ರಬ್ಬರ್ ಮೊಹರು ಕೊಟ್ಟಿದ್ದರು: ‘ಪರಿಶೀಲಿಸಲಾಗಿದೆ’. ತಾತ ಅದನ್ನು ತಮಾಷೆಗೆ ತಗೊಂಡಿರಲಿಲ್ಲ. ಗಿಳಿಯ ಅಂಕಪಟ್ಟಿಗೂ ಬಿದ್ದಿತ್ತು, ಕರೆಂಟ್ ಬಿಲ್ಲಿಗೂ ಬಿದ್ದಿತ್ತು. ಈಗ ಕರಾರಿಗೂ ಬಿತ್ತು, ಧಡ್ ಎಂದು. ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿತು.

ಮೊದಲ ಭಾನುವಾರದ ಹೋಟೆಲನ್ನು ಗಿಳಿಯ ಫೋನ್ ಆರಿಸಿತು. “ನಾಲ್ಕೂವರೆ ಸ್ಟಾರ್ ಅಜ್ಜಿ, ಸಾವಿರ ಜನ ಹೊಗಳಿದ್ದಾರೆ.” ಒಳಗೆ ಹೋದರೆ ಸ್ಟಾರು ಕಾಣುವಷ್ಟು ಕತ್ತಲು. ಬಿಳಿ ತಟ್ಟೆ ತೊಟ್ಟಿಲಷ್ಟು ದೊಡ್ಡದು, ಅದರ ನಡುವೆ ಮೂರು ತುಂಡು ಹೂಕೋಸು, ಸುತ್ತ ಹಸಿರು ಚುಕ್ಕೆ. ತಾತ ಜೇಬಿನಿಂದ ಪುಟ್ಟ ಸ್ಪ್ರಿಂಗ್ ತಕ್ಕಡಿ ತೆಗೆದು, ಕರವಸ್ತ್ರದಲ್ಲಿ ಹೂಕೋಸು ಕಟ್ಟಿ ತೂಗಿದರು.

“ಮಾವ, ಎಲ್ರೂ ನೋಡ್ತಿದ್ದಾರೆ,” ಎಂದು ಸೊಸೆ ಮುಖ ಮುಚ್ಚಿಕೊಂಡಳು.

“ಈ ಕತ್ತಲಲ್ಲಿ ಯಾರಿಗೆ ಕಾಣುತ್ತಮ್ಮ? ಅದಕ್ಕೇ ದೀಪ ಹಾಕಿಲ್ಲ. ಬೆಳಕೂ ಕಮ್ಮಿ, ಮಾಲೂ ಕಮ್ಮಿ.”

ಹೂಕೋಸು ಮುಗಿಯಿತು. ತಾತ ಮರೆತು ತಟ್ಟೆಗೆ ಬಡಿದರು. ಟಣ್ ಟಣ್. ಅಜ್ಜಿ ಧಡಕ್ಕನೆ ಎದ್ದು ನಿಂತಳು. ನಿಂತಮೇಲೆ ಎತ್ತ ಹೋಗಬೇಕೆಂದು ತಿಳಿಯಲಿಲ್ಲ, ಅಡುಗೆಮನೆ ಅವಳದಲ್ಲ. ಪಕ್ಕದ ಮೇಜಿನವರು ತಿರುಗಿದರು. ಗಿಳಿ ಸೆರಗು ಹಿಡಿದು ಎಳೆದು ಕೂರಿಸಿದಳು.

“ಅಜ್ಜಿ, ನೀನಿಲ್ಲಿ ಗಿರಾಕಿ.”

ಅಜ್ಜಿಯ ಕಿವಿ ಬಿಸಿಯಾಯಿತು. ಅಂದು ಅವಳಿಗೆ ಸಿಕ್ಕ ಬಿಸಿ ಅದೊಂದೇ. ಬಾಯಿಗಿಟ್ಟ ಹೂಕೋಸು ಐಸಿನಂತಿತ್ತು.

ಎರಡನೆಯದು ಮಗನ ಆಯ್ಕೆ. ಅವನು ಲಿಫ್ಟ್ ನೋಡಿಕೊಳ್ಳುವ ಹದಿನೆಂಟು ಮಹಡಿಯ ಕಟ್ಟಡದ ತುದಿಯಲ್ಲಿ ಒಂದು ಹೋಟೆಲ್. ತರಕಾರಿ ಸೂಪು ಬಂತು. ಸೊಸೆ ಒಂದು ಚಮಚ ಬಾಯಿಗಿಟ್ಟು ಅಲ್ಲಿಗೇ ನಿಲ್ಲಿಸಿದಳು.

“ಇದ್ರಲ್ಲಿ ಮೀನಿದೆಯಾ?”

“ಇಲ್ಲ ಮೇಡಂ,” ಎಂದ ಬಡಿಸುವವ ಬಹಳ ವಿನಯದಿಂದ. “ನೀವು ಸಸ್ಯಾಹಾರಿ ಅಂದ್ರಲ್ಲ, ಮೀನು ತೆಗೆದುಬಿಟ್ಟಿದ್ದೀವಿ.”

ಸೂಪು ಅಲ್ಲೇ ಬಿಟ್ಟು ಎಲ್ಲರೂ ಲಿಫ್ಟ್ ಹತ್ತಿದರು. ಕೆಳಗೆ ಬರುತ್ತಲೇ ಗಿಳಿ ಲಿಫ್ಟಿನಲ್ಲಿ ಮಹಡಿ ಹೇಳುವ ಹೆಂಗಸಿನ ದನಿಯಲ್ಲಿ “ನೆಲಮಹಡಿ. ಮೀನು ಇಳಿಯುತ್ತಿದೆ, ದಯವಿಟ್ಟು ದಾರಿ ಬಿಡಿ,” ಎಂದಳು. ಮಗನಿಗೂ ನಗು ತಡೆಯಲಾಗಲಿಲ್ಲ. ತಾತ ಮಾತ್ರ ಎರಡು ಬೆರಳೆತ್ತಿ ತೋರಿಸಿದರು. ಎರಡು ಭಾನುವಾರ ಹೋಯಿತು ಎಂದರ್ಥ.

ಮೂರನೆಯದನ್ನು ಸೊಸೆ ತನ್ನ ಕೆಲಸದ ಜಾಗದಲ್ಲಿ ವಿಚಾರಿಸಿ ತಂದಳು. ಅವಳು ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಕೊಡುವವಳು. ಪೊರೆ ತೆಗೆಸಿಕೊಳ್ಳಲು ಬಂದ ಒಬ್ಬ ಯಜಮಾನರು ಬಾಯಿ ಚಪ್ಪರಿಸಿ ಹೇಳಿದ್ದರಂತೆ. ಹೋಗಿ ನೋಡಿದರೆ ಮೇಜಿನ ಮೇಲೆ ಇರುವೆ ಸಾಲು, ಗೋಡೆಗೆ ಮೆತ್ತಿ ಒಣಗಿದ ಹಿಂದಿನ ವರ್ಷದ ಬೇಳೆ.

“ಅವರು ಹೇಳಿದ್ದು ಆಪರೇಷನ್‌ಗೆ ಮುಂಚೇನಾ, ಆಮೇಲಾ?” ಎಂದು ಕೇಳಿದರು ತಾತ.

“ಮುಂಚೆ ಮಾವ.”

“ಅದೇ.”

ನಾಲ್ಕನೆಯ ಹೋಟೆಲಿನ ಮೆನು ಒಂದು ಪುಸ್ತಕದಷ್ಟಿತ್ತು. ಯಾವುದನ್ನು ಕೇಳಿದರೂ ಇವತ್ತಿಲ್ಲ. ಕೊನೆಗೆ ಅಜ್ಜಿಯೇ ಕೇಳಿದಳು, “ಮೆನು ಇರಲಪ್ಪ, ಏನು ಇದೆ ಹೇಳು.” ಇದ್ದದ್ದು ಆಲೂಗಡ್ಡೆ. ಮನೆಗೆ ಬರುತ್ತ ತಾತ ಸಿಳ್ಳೆ ಹಾಕಿದರು. ಅವರಿಗೆ ಸಿಳ್ಳೆ ಬರುತ್ತದೆಂದು ಅಜ್ಜಿಗೇ ಗೊತ್ತಿರಲಿಲ್ಲ.

ಐದನೆಯ ಭಾನುವಾರ ಮತ್ತೆ ಗಿಳಿಯ ಫೋನು, ಮತ್ತೆ ಸ್ಟಾರು, ಬಾಗಿಲಲ್ಲಿ ಒಂದೂವರೆ ಗಂಟೆ ಕ್ಯೂ. ಒಳಗೆ ಸೇರುವ ಮುಂಚೆಯೇ ತಾತ “ಹಸಿವು ಚೆನ್ನಾಗಿದೆ, ಊಟದ ವಿಷಯ ಗೊತ್ತಿಲ್ಲ,” ಎಂದರು.

“ತಾತ ‘ಚೆನ್ನಾಗಿದೆ’ ಅಂದ್ರು! ಬಾಯಿಬಿಟ್ಟು ಅಂದ್ರು!” ಗಿಳಿ ಕುಣಿದಳು.

“ಊಟ ಮಾಡಿ ಹೇಳಬೇಕು ಅಂತಿದೆ ಕರಾರಲ್ಲಿ. ಇನ್ನೂ ಬಾಗಿಲಲ್ಲಿದ್ದೀವಿ. ಓದಿ ನೋಡು.” ಇನ್‌ಸ್ಪೆಕ್ಟರ್ ಸುಮ್ಮನೆ ಆಗಿರಲಿಲ್ಲ ಅವರು. ಊಟವಾದ ಮೇಲೆ ಅವರ ಬಾಯಿಂದ ಬಂದದ್ದು ತೇಗು ಮಾತ್ರ.

ಮಾರನೆಯ ದಿನ, ಸೋಮವಾರ ಸಂಜೆ, ಜಗಳ ಹತ್ತಿಕೊಂಡಿತು. ಅಜ್ಜಿ ಬಟಾಣಿ ಸುಲಿಯುತ್ತಿದ್ದಳು. ಮಗ ಕೆಲಸದಿಂದ ಬಂದು, ಗ್ರೀಸ್ ಕೈ ಒರೆಸಿಕೊಳ್ಳುತ್ತ ಎದುರಿಗೆ ಕೂತ.

“ಅಮ್ಮ, ಬಿಟ್ಬಿಡು. ಐದು ವಾರ ಅಲೆದಿದ್ದಾಯ್ತು. ಮನೇಲೇ ಮಾಡ್ಬಿಡು, ಎಲ್ರಿಗೂ ಸುಲಭ.”

“ಎಲ್ರಿಗೂ ಅಂದ್ರೆ ಯಾರ್ಯಾರಿಗೆ? ಬೆರಳು ಮಡಚಿ ಹೇಳು.”

“ಅಪ್ಪಂಗೆ...” ಒಂದು ಬೆರಳು ಮಡಚಿದ. “ನನಗೆ. ಇವಳಿಗೆ. ಗಿಳಿಗೆ.” ನಾಲ್ಕು ಮಡಚಿ, ಹೆಬ್ಬೆರಳೊಂದು ಉಳಿಯಿತು. ಅದನ್ನು ಏನು ಮಾಡುವುದೆಂದು ತಿಳಿಯದೆ ನೋಡುತ್ತ ಕೂತ.

“ಅದು ಯಾರದೋ?”

ಮಗ ಕೈಯನ್ನು ಟವೆಲಿನೊಳಗೆ ಬಚ್ಚಿಟ್ಟುಕೊಂಡ. “ಬಿಡಮ್ಮ, ನಿನ್ನ ಹತ್ರ ಮಾತಾಡೋಕಾಗಲ್ಲ.”

“ಐದು ವಾರದಿಂದ ನಾನೂ ಅದನ್ನೇ ಹೇಳ್ತಿದ್ದೀನಿ,” ಎಂದರು ತಾತ ಪೇಪರಿನ ಹಿಂದಿನಿಂದ. “ಈ ಭಾನುವಾರ ಒಂದು ಕಳೆದ್ರೆ ಮುಗೀತು. ಅದರ ಮುಂದಿನ ಭಾನುವಾರಕ್ಕೆ ಬದನೆಕಾಯಿ ಎಣ್ಣೆ ಜಾಸ್ತಿ ಹಾಕಿ ಮಾಡು.”

ಅಜ್ಜಿ ಒಂದು ಬಟಾಣಿಯನ್ನು ಎರಡು ಬೆರಳ ನಡುವೆ ಹಿಚುಕಿದಳು. ಅದು ಹಾರಿಹೋಗಿ ಪೇಪರಿಗೆ ತಗುಲಿತು. “ಬದನೆಕಾಯಿ ಬೇಕಿದ್ರೆ ನೀವೇ ಮಾಡ್ಕೊಳ್ಳಿ. ಸೋತರೂ ನಾನು ನಕ್ಕೊಂಡು ಮಾಡ್ತೀನಿ ಅಂದ್ಕೋಬೇಡಿ.”

“ಮೊಹರು ಬಿದ್ದ ಮೇಲೆ ಮಾತಿಲ್ಲ ಕಣೇ.”

ಅಜ್ಜಿ ಬಟಾಣಿ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸೊಸೆ ಹಿಂದೆಯೇ ಬಂದಳು. ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದಳು.

“ಹೇಳಿಬಿಡಮ್ಮ, ಲೋಟ ಸವೆದುಹೋಗುತ್ತೆ.”

“ಅತ್ತೆ, ತಪ್ಪು ತಿಳ್ಕೋಬೇಡಿ. ನೀವು ಗೆದ್ರಿ ಅಂತಿಟ್ಕೊಳ್ಳಿ. ಒಂದೆರಡು ವಾರ ಹೊರಗೆ ಹೋಗ್ತೀವಿ. ಆಮೇಲೆ ಎಲ್ರಿಗೂ ಬೇಜಾರಾಗುತ್ತೆ. ಆಗ ಆ ಭಾನುವಾರದ ಒಲೆ ಯಾರ ತಲೆಗೆ ಬರುತ್ತೆ? ನನಗೂ ಇರೋದು ಅದೊಂದೇ ರಜೆ.”

ಅಜ್ಜಿ ಅವಳನ್ನು ನೋಡಿದಳು. ಕಣ್ಣಿನ ಆಸ್ಪತ್ರೆಯಲ್ಲಿದ್ದು ಇವಳ ಕಣ್ಣು ಚುರುಕಾಗಿದೆ ಎನ್ನಿಸಿತು.

“ಬಾ ಇಲ್ಲಿ.” ಕೈಹಿಡಿದು ಫ್ರಿಜ್ಜಿನ ಮುಂದೆ ನಿಲ್ಲಿಸಿದಳು. “ಓದು. ‘ಒಲೆಗೆ ರಜೆ’ ಅಂತಿದೆ. ನನಗೆ ರಜೆ ಅಂತಿಲ್ಲ. ಒಲೆಗೇ ರಜೆ ಅಂದಮೇಲೆ ನೀನೂ ಹಚ್ಚೋಹಾಗಿಲ್ಲ, ನಾನೂ ಹಚ್ಚೋಹಾಗಿಲ್ಲ. ನಿಮ್ಮ ಮಾವನೇ ಹೇಳಿ ಬರೆಸಿದ್ದು. ಒಂದೊಂದು ಪದಕ್ಕೂ...”

ಅಜ್ಜಿ ಕರಾರಿನ ಹತ್ತಿರ ಹೋದಳು. ತುಟಿ ಅಲ್ಲಾಡಿಸುತ್ತ ಮೇಲಿಂದ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಫ್ರಿಜ್ಜಿಗೆ ಹಣೆ ಒತ್ತಿ, ಭುಜ ಕುಣಿಯುವಂತೆ ನಕ್ಕಳು.

“ಏನತ್ತೆ?”

“ಏನಿಲ್ಲ. ಮೊಹರು ಬಿದ್ದ ಮೇಲೆ ಮಾತಿಲ್ಲ, ಅಲ್ವಾ?”

“ಅಂತಾರೆ ಮಾವ.”

“ಹಾಗಿದ್ರೆ ಆರನೇ ಹೋಟೆಲ್ ನಾನು ಹುಡುಕ್ತೀನಿ. ಇಷ್ಟು ದಿನ ಎಲ್ರೂ ಅವರ ನಾಲಿಗೆಗೆ ಹುಡುಕಿದ್ರಿ. ಇನ್ನೊಂದು ನಾಲಿಗೆಗೆ ಹುಡುಕ್ತೀನಿ. ಒಂದು ಮಾತು, ಸುಳ್ಳು ಹೇಳಿ ಗೆಲ್ಲೋದು ನನಗೆ ಬೇಡ. ಊಟ ನಿಜವಾಗ್ಲೂ ಚೆನ್ನಾಗಿರಬೇಕು.”

ಸೊಸೆಗೆ ಅರ್ಧ ಅರ್ಥವಾಯಿತು. ಉಳಿದರ್ಧ ನಂಬಿಕೆ.

ಬುಧವಾರ ಬೆಳಿಗ್ಗೆ ಅಜ್ಜಿ ಮಾರುಕಟ್ಟೆಗೆ ಹೋದಳು. ಅವಳ ಹತ್ತಿರ ಸ್ಟಾರಿರಲಿಲ್ಲ, ಫೋನಿರಲಿಲ್ಲ. ಇಪ್ಪತ್ತು ವರ್ಷದಿಂದ ತಾನು ಜಗಳವಾಡಿಕೊಂಡು ತರಕಾರಿ ತರುವ ಹೆಂಗಸಿನ ಅಂಗಡಿ ಮುಂದೆ ನಿಂತಳು. ಕೈ ತಾನಾಗಿ ಬೆಂಡೆಕಾಯಿ ರಾಶಿಗೆ ಹೋಗಿ, ಒಂದರ ತುದಿಯನ್ನು ಪಟ್ಟನೆ ಮುರಿಯಿತು. ಎಳೆಯದು ಪಟ್ ಎನ್ನುತ್ತದೆ, ಬಲಿತದ್ದು ಬಾಗುತ್ತದೆ.

“ಶುರುವಾಯ್ತು ಇವರದು,” ಎಂದಳು ತರಕಾರಿಯವಳು.

“ಕೇಳು. ಹೋಟೆಲಿನವರು ಬರ್ತಾರಲ್ಲ ನಿನ್ನ ಹತ್ರ, ಎಲ್ರೂ ಮೂಟೆಗಟ್ಟಲೆ ಎತ್ಕೊಂಡು ಹೋಗ್ತಾರಾ?”

“ಮತ್ತೇನು? ಅವರಿಗೆಲ್ಲಿ ನಿಮ್ಮಷ್ಟು ಪುರುಸೊತ್ತು?”

“ಒಂದೊಂದು ತುದಿ ಮುರಿದು ನೋಡಿ ತಗೊಳ್ಳೋರು ಒಬ್ಬರೂ ಇಲ್ವಾ?”

ತರಕಾರಿಯವಳ ಮುಖ ಗಂಟಾಯಿತು. “ಒಬ್ಬಳಿದ್ದಾಳೆ ಮಾರಾಯ್ತಿ! ಬೆಳಗಾಗೋಕೆ ಮುಂಚೆ ಬಂದು ನನ್ನ ಪ್ರಾಣ ತಿಂತಾಳೆ. ಒಂದು ಸೊಪ್ಪಿನ ಕಟ್ಟು ಬಿಚ್ಚದೆ ಬಿಡಲ್ಲ. ಅವಳು ಹೋದ್ಮೇಲೆ ಅಂಗಡಿ ಮತ್ತೆ ಜೋಡಿಸಬೇಕು.”

“ಎಲ್ಲಿ ಅವಳ ಹೋಟೆಲು?”

ಆರನೆಯ ಭಾನುವಾರ ಅಜ್ಜಿ ಮುಂದೆ, ಮಿಕ್ಕವರು ಹಿಂದೆ. ಸೈಕಲ್ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು, ಎರಡನೆಯ ಮಹಡಿ. “ಲಿಫ್ಟ್ ಇಲ್ಲ,” ಎಂದ ಮಗ, ಯಾರೋ ತೀರಿಕೊಂಡ ಸುದ್ದಿ ಹೇಳುವಂತೆ. ಬಾಗಿಲ ಮೇಲೆ ಕೈಬರಹದ ಹಲಗೆ: ‘ಊಟ ಇದೆ’.

“ಇದೆ ಅಂತಿದೆ. ಹೇಗಿದೆ ಅಂತಿಲ್ಲ,” ಎಂದರು ತಾತ, ಏದುಸಿರಿನಲ್ಲಿ.

ಒಳಗೆ ಆರು ಮೇಜು, ದೊಡ್ಡ ಕಿಟಕಿ, ತುಂಬ ಬೆಳಕು. ಅಂಗಿಯ ತೋಳು ಮಡಚಿದ, ತಲೆಗೆ ಬಟ್ಟೆ ಬಿಗಿದ ಹೆಂಗಸೊಬ್ಬಳು ಅಡುಗೆಮನೆಯಿಂದ ಬಂದಳು. ಮಾಡುವವಳೂ ಅವಳೇ, ಬಡಿಸುವವಳೂ ಅವಳೇ.

“ಬೆಂಡೆಕಾಯಿ ತುದಿ ಮುರಿದು ತಗೊಳ್ಳೋರು ನೀವೇನಾ?” ಎಂದು ಕೇಳಿದಳು ಅಜ್ಜಿ.

“ಯಾರು ಹೇಳಿದ್ದು? ಆ ತರಕಾರಿಯವಳಾ? ಬೈದಳಾ?”

“ಬಾಯಿ ತುಂಬ.”

“ಹಾಗಿದ್ರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಕೂತ್ಕೊಳ್ಳಿ ಅಮ್ಮ. ಅಲ್ಲಲ್ಲ, ಬಾಗಿಲ ಹತ್ರ ಬೇಡ, ಓಡಾಡೋರು ತಗುಲ್ತಾರೆ. ಕಿಟಕಿ ಪಕ್ಕ ಕೂತ್ಕೊಳ್ಳಿ.”

ಅಜ್ಜಿ ಕಿಟಕಿ ಪಕ್ಕ ಕೂತಳು. ಅಡುಗೆಮನೆ ಕಡೆಯ ಕುರ್ಚಿ ತಾತನ ಪಾಲಿಗೆ ಬಂತು.

ಅನ್ನ ಬಂತು, ಹೊಗೆಯಾಡುತ್ತ. ಸೊಪ್ಪು ಹಾಕಿದ ಬೇಳೆ, ಕುಂಬಳಕಾಯಿ, ಈರುಳ್ಳಿ ಜೊತೆ ಹುರಿದ ಬೆಂಡೆಕಾಯಿ, ಒಂದು ಬಟ್ಟಲು ಮೊಸರು. ಅಷ್ಟೇ. ಅಜ್ಜಿ ತುತ್ತು ಕಲಸಿದಳು. ಬೆರಳು ಸುಟ್ಟಿತು. ಊದಿ ಬಾಯಿಗಿಟ್ಟಳು. ನಾಲಿಗೆ ಸುಟ್ಟಿತು. ಕಣ್ಣಲ್ಲಿ ನೀರು ಬಂದರೂ ಉಗುಳಲಿಲ್ಲ. ಬೆಂಡೆಕಾಯಿ ಹಲ್ಲಿಗೆ ಸಿಕ್ಕಿ ಪಟ್ ಎಂದಿತು. ಅವಳು ತಿಂದಳು. ಒಂದು ಸಲವೂ ಏಳದೆ, ಯಾರಿಗೆ ಏನು ಕಮ್ಮಿ ಎಂದು ತಲೆ ಎತ್ತಿ ನೋಡದೆ, ಅರ್ಧ ತಟ್ಟೆ ತಿಂದಳು. ತಾತನೂ ತಿನ್ನುತ್ತಿದ್ದರು, ಸ್ಪ್ರಿಂಗ್ ತಕ್ಕಡಿ ಜೇಬಿನಿಂದ ಹೊರಗೆ ಬರಲಿಲ್ಲ.

ಅಡುಗೆಯವಳು ಮೇಜಿನ ಬಳಿ ಬಂದು ಸೊಂಟಕ್ಕೆ ಕೈಯಿಟ್ಟಳು. ಮಗ, ಸೊಸೆ, ಗಿಳಿ ಮೂವರೂ ತಾತನ ಬಾಯಿಯನ್ನೇ ನೋಡಿದರು. ತಾತ ಗಂಟಲು ಸರಿಮಾಡಿಕೊಂಡರು. ಆದರೆ ಆ ಹೆಂಗಸು ತಿರುಗಿದ್ದು ಕಿಟಕಿ ಕಡೆಗೆ.

“ಹೇಗಿದೆ ಅಮ್ಮ?”

ನಲವತ್ತೊಂದು ವರ್ಷ ಈ ಪ್ರಶ್ನೆಯನ್ನು ಕೇಳಿದ್ದವಳು ಅಜ್ಜಿ. ಅವಳನ್ನು ಯಾರೂ ಕೇಳಿರಲಿಲ್ಲ. ಬಾಯಲ್ಲಿದ್ದ ತುತ್ತನ್ನು ಪೂರ್ತಿ ನುಂಗಿ, ನೀರು ಕುಡಿದು, ಆರು ಮೇಜಿಗೂ ಕೇಳುವಂತೆ ಹೇಳಿದಳು:

“ಚೆನ್ನಾಗಿದೆ.”

ಗಿಳಿ ಬಾಯಿ ತೆರೆದಳು. ಅಜ್ಜಿ ಗಂಡನ ಕಡೆ ತಿರುಗಿದಳು. “ಕೇಳಿಸ್ತಾ? ಊಟ ಮಾಡಿ, ಬಾಯಿಬಿಟ್ಟು ಹೇಳಿದ್ದಾಯ್ತು. ಇವತ್ತಿಂದ ಒಲೆಗೆ ರಜೆ.”

“ಏನೇ ಇದು! ಹೇಳಬೇಕಾದ್ದು ನಾನು!”

“ಎಲ್ಲಿ ಬರೆದಿದೆ?”

“ಎಲ್ಲಿ ಬರೆದಿದೆ ಅಂದ್ರೆ... ಗಿಳಿ, ಓದು.”

ಗಿಳಿ ಫೋನಿನಲ್ಲಿದ್ದ ಕರಾರಿನ ಫೋಟೋ ತೆಗೆದು, ತಾತನ ಇಲಾಖೆ ದನಿಯಲ್ಲೇ ಓದಿದಳು: “‘ಹೋಟೆಲಿನಲ್ಲಿ ಊಟ ಮಾಡಿ, “ಚೆನ್ನಾಗಿದೆ” ಎಂದು ಬಾಯಿಬಿಟ್ಟು ಹೇಳಿದಲ್ಲಿ...’ ತಾತ, ಯಾರು ಹೇಳಿದಲ್ಲಿ ಅಂತ ಇಲ್ವೇ ಇಲ್ಲ!”

“ಅದು... ಅದು ಹೇಳದೇನೇ ಅರ್ಥವಾಗುತ್ತೆ!”

“ನನಗೂ ಹಾಗೇ ಅರ್ಥವಾಗಿತ್ತು,” ಎಂದಳು ಅಜ್ಜಿ. “ಈ ಮನೇಲಿ ರುಚಿ ನೋಡಿ ಹೇಳೋ ನಾಲಿಗೆ ಒಂದೇ ಇರೋದು, ಅದು ನಿಮ್ಮದು ಅಂತ. ನೀವು ಬರೆಯೋದು ಬೇಡ ಅಂದ್ಕೊಂಡ್ರಿ, ನಾನು ಕೇಳೋದು ಬೇಡ ಅಂದ್ಕೊಂಡೆ. ಸೋಮವಾರ ಓದಿದೆ. ನನಗೂ ಒಂದು ನಾಲಿಗೆ ಇದೆಯಲ್ರೀ.”

“ಇದು ಮೋಸ.”

“ಬರೆಸಿದ್ದು ಯಾರು? ಮೊಹರು ಒತ್ತಿದ್ದು ಯಾರು?”

“‘ಪರಿಶೀಲಿಸಲಾಗಿದೆ’,” ಎಂದು ಗಿಳಿ ಧಡ್ ಎಂದು ಮೇಜು ಗುದ್ದಿದಳು. “ಯಾರು ಪರಿಶೀಲಿಸಿದ್ದು ಅಂತ ಅದ್ರಲ್ಲೂ ಇಲ್ಲ ತಾತ!”

ಮಗ ನಗು ತಡೆಯಲು ಮೊಸರಿನ ಬಟ್ಟಲಲ್ಲಿ ಮುಖ ಹುದುಗಿಸಿದ. ಸೊಸೆ ಬಚ್ಚಿಡಲೂ ಹೋಗದೆ ನಕ್ಕಳು. ತಾತ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. ಮೂವತ್ತು ವರ್ಷ ಊರಿನ ತಕ್ಕಡಿಗಳನ್ನೆಲ್ಲ ತಲೆಕೆಳಗು ಮಾಡಿ ನೋಡಿದ್ದವರು, ತಮ್ಮದೇ ಒಂದು ವಾಕ್ಯವನ್ನು ಹಾಗೆ ನೋಡಿರಲಿಲ್ಲ.

“ನಿಮಗೆ ಹೇಗಿತ್ತು ಸರ್?” ಅಡುಗೆಯವಳು ಕೇಳಿದಳು.

“ಪರವಾಗಿಲ್ಲ,” ಎಂದರು ತಾತ, ತಟ್ಟೆ ನೋಡುತ್ತ. ತಟ್ಟೆ ತೊಳೆದಿಟ್ಟಂತೆ ಖಾಲಿಯಾಗಿತ್ತು.

“ಅವರ ಮಾತಿಗೆ ಬೇಜಾರಾಗ್ಬೇಡಿ,” ಎಂದಳು ಅಜ್ಜಿ. “ಅವರ ತಟ್ಟೇನ ಕೇಳಿ. ಅದು ಸುಳ್ಳು ಹೇಳಲ್ಲ.”

ಅಡುಗೆಯವಳು ನಗುತ್ತ ಬೇರೆ ಮೇಜಿಗೆ ಹೋದಳು. ಸೋಲು ಸೋಲೇ, ಹಸಿವು ಹಸಿವೇ. ತಾತನ ಕೈ ತಾನಾಗಿ ಚಮಚ ಎತ್ತಿತು.

ಟಣ್ ಟಣ್.

ಅಜ್ಜಿಯ ಮಂಡಿಯೊಳಗೆ ತಂತಿ ಜಗ್ಗಿತು. ಮೇಜಿನ ಅಂಚು ಹಿಡಿದಳು. ಹಿಮ್ಮಡಿ ನೆಲಕ್ಕೆ ಒತ್ತಿದಳು. ಏಳಲಿಲ್ಲ.

ಟಣ್ ಟಣ್.

“ಇಲ್ಲಿ ಅದು ನಡೆಯಲ್ಲ ರೀ,” ಎಂದಳು. “ಕೈ ಎತ್ತಬೇಕು. ಎತ್ತಿದ್ರೆ ಬರ್ತಾರೆ.”

ತಾತ ಸುತ್ತ ನೋಡಿದರು. ಚಮಚ ಕೆಳಗಿಟ್ಟರು. ಆಮೇಲೆ, ಉತ್ತರ ಗೊತ್ತೋ ಇಲ್ಲವೋ ಎಂದು ಅನುಮಾನವಿರುವ ಶಾಲೆ ಹುಡುಗನಂತೆ, ಕೈಯನ್ನು ಮೊದಲು ಕಿವಿಯವರೆಗೆ, ಆಮೇಲೆ ತಲೆಯವರೆಗೆ, ಕೊನೆಗೆ ಪೂರ್ತಿ ಮೇಲಕ್ಕೆ ಎತ್ತಿದರು. ಅಡುಗೆಯವಳು ಅತ್ತ ಕಡೆ ಯಾರಿಗೋ ಬಡಿಸುತ್ತಿದ್ದಳು. ಕೈ ಎತ್ತಿದ್ದು ಎತ್ತಿದಂತೆಯೇ ಇತ್ತು.

ಅಜ್ಜಿ ಅದನ್ನು ನೋಡಲಿಲ್ಲ. ಅವಳ ತಟ್ಟೆಯಲ್ಲಿ ಅನ್ನ ಇನ್ನೂ ಬಿಸಿಯಿತ್ತು.